ಎಲ್ಲಿಗೆ ಎಂದು ಕೇಳುವ ಪೆಟ್ಟಿಗೆ

ನಮ್ಮ ಅಡುಗೆಮನೆಯ ಟೈಲ್ಸ್ ಗೋಡೆಗೆ ಕಪ್ಪು ರಬ್ಬರಿನ ಒಂದು ಬಟ್ಟಲು ಅಂಟಿಕೊಂಡಿದೆ. ಅದಕ್ಕೊಂದು ಬಾಲವಿದೆ. ಆ ಬಾಲಕ್ಕೆ ಟೀ ಸೋಸುವ ಜಾಲರಿ ನೇತುಹಾಕುತ್ತೇನೆ. ಬಂದವರಲ್ಲಿ ಕಣ್ಣು ಚುರುಕಾಗಿರುವವರು, "ಇದೇನ್ರೀ, ಭಾಳ ಚೆಂದ ಐತೆ, ಎಲ್ಲಿ ತಂದ್ರಿ?" ಎಂದು ಕೇಳುವುದುಂಟು. ಬಳ್ಳಾರಿಯದು ಎನ್ನುತ್ತೇನೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಒಂದು ಕಾಲದಲ್ಲಿ ಅದು ನಮ್ಮ ಕಾರಿನ ಮುಂದಿನ ಗಾಜಿಗೆ ಅಂಟಿಕೊಂಡು ದಾರಿ ಹೇಳುವ ಪೆಟ್ಟಿಗೆಯನ್ನು ಹಿಡಿದುಕೊಂಡಿತ್ತು. ಕಾರು ಮಾರಿದೆವು, ಪೆಟ್ಟಿಗೆ ಕೆಟ್ಟಿತು. ಬಟ್ಟಲು ಮಾತ್ರ ಎಲ್ಲಿ ಒತ್ತಿದರೂ ಕಚ್ಚಿಕೊಳ್ಳುವ ತನ್ನ ಗುಣ ಬಿಡಲಿಲ್ಲ. ನಾನು ನಿವೃತ್ತಳಾದ ಪ್ರೈಮರಿ ಶಾಲೆ ಟೀಚರು. ತುಂಡು ಸೀಮೆಸುಣ್ಣವನ್ನೂ ಡಬ್ಬಿಯಲ್ಲಿ ಕೂಡಿಟ್ಟವಳು. ಇದನ್ನು ಎಸೆಯುವುದುಂಟೇ? ಜಾಲರಿಗೆ ಗಂಟುಹಾಕಿದೆ.

ಆ ಪೆಟ್ಟಿಗೆಯ ಕಥೆ ಹೇಳುವ ಮೊದಲು ನಮ್ಮ ಕಡೆಯ ಒಂದು ಕಟ್ಟುಪಾಡು ನಿಮಗೆ ತಿಳಿದಿರಬೇಕು. ಮನೆಯಿಂದ ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಚಪ್ಪಲಿ ಬಿಚ್ಚಿ, ಒಳಗೆ ಬಂದು ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ನಮ್ಮವರಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರನ್ನು ನಾನು ಕಂಡಿಲ್ಲ. ನನ್ನ ತವರು ಮೊಳಕಾಲ್ಮುರು. ಅಲ್ಲಿ ಬಾಯಿ ತೆರೆದರೆ ಅರ್ಧ ಕನ್ನಡ, ಅರ್ಧ ತೆಲುಗು. ಕನ್ನಡದಲ್ಲಿ ಕೇಳಬಾರದಾದರೇನಂತೆ, ತೆಲುಗಿನಲ್ಲಿ ಕೇಳಬಹುದಲ್ಲ ಎಂದು ಚಿಕ್ಕಂದಿನಲ್ಲಿ ಲೆಕ್ಕ ಹಾಕಿ, ರಾಂಪುರಕ್ಕೆ ಹೊರಟಿದ್ದ ಅಪ್ಪನನ್ನು "ಎಕ್ಕಡಿಕಿ ನಾಯನಾ?" ಎಂದು ಕೇಳಿದ್ದೆ. ಅಪ್ಪ ಹಿಂದಿರುಗಿ ಬಂದು, ಕೂತು, ನೀರು ಕುಡಿಯುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಅವ್ವ ನನ್ನ ಕಿವಿ ಹಿಂಡಿ, "ದೂರಾನಾ ಅನ್ಬೇಕು ಕಣೇ, ದೂರಾನಾ ಅಂತ!" ಎಂದು ಕಲಿಸಿದಳು. ಆ ಕಿವಿ ಈಗಲೂ ಚಳಿಗಾಲದಲ್ಲಿ ನೋಯುತ್ತದೆ ಎಂದರೆ ನನ್ನ ಮಗಳು ನಂಬುವುದಿಲ್ಲ.

ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಈ ವಿದ್ಯೆಯಲ್ಲಿ ನಾನು ಪಳಗಿಬಿಟ್ಟೆ. ನಮ್ಮ ಯಜಮಾನರದು ಶೇಂಗಾ ವ್ಯಾಪಾರ. ಊರೂರು ತಿರುಗಿ ಕಾಯಿ ನೋಡಿ ದರ ಹೇಳಿ ಬರುವುದೇ ಕಸುಬು. ಎಲ್ಲಿಗೆ ಎಂದು ನಾನು ಕೇಳುವಂತಿಲ್ಲ, ಕೇಳದಿದ್ದರೆ ಅವರು ಹೇಳುವವರಲ್ಲ. ಹೆಗಲಿಗೆ ಟವೆಲ್ ಬಿದ್ದರೆ ಹಳ್ಳಿ ಕಡೆ, ಇಸ್ತ್ರಿ ಅಂಗಿಯಾದರೆ ಮಂಡಿ ಅಥವಾ ಬ್ಯಾಂಕು ಎಂದು ನಾನೇ ತಿಳಿದುಕೊಳ್ಳುತ್ತಿದ್ದೆ. "ಊಟಕ್ಕೆ ಬರ್ತೀರಾ?" ಎಂದರೆ "ಬರ್ತೀನಿ" ಎಂದ ದಿನ ನಾಯಕನಹಟ್ಟಿ, "ಕಾಯಬ್ಯಾಡ" ಎಂದ ದಿನ ರಾಂಪುರದ ಆಚೆ. ಊರ ಹೆಸರು ಅವರ ಬಾಯಿಂದ ಬೀಳದೆಯೇ ಅವರು ಯಾವ ರಸ್ತೆಯಲ್ಲಿದ್ದಾರೆಂದು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ ನಿಂತ ನನಗೆ ಗೊತ್ತಿರುತ್ತಿತ್ತು. ನಮ್ಮ ಸಂಸಾರ ನಡೆದದ್ದೇ ಹೀಗೆ. ಇದನ್ನು ಪ್ರೀತಿ ಎನ್ನುತ್ತಾರೋ ಪತ್ತೇದಾರಿಕೆ ಎನ್ನುತ್ತಾರೋ ನನಗೆ ತಿಳಿಯದು.

ದಾರಿಯ ವಿಷಯದಲ್ಲಿ ಅವರಿಗೆ ಮಹಾ ಜಂಬ. ಮೊದಲು ಜೀಪಿತ್ತು, ಆಮೇಲೆ ಬಿಳಿ ಕಾರು. ರಸ್ತೆ ಬದಿಯ ಬೋರ್ಡು ಓದುವುದು ಅವರ ಪಾಲಿಗೆ ಅವಮಾನ. ಗೌರಸಮುದ್ರದಿಂದ ರಾಂಪುರಕ್ಕೆ ಡಾಂಬರು ರಸ್ತೆ ಬಿಟ್ಟು ಹೊಲದ ನಡುವೆ ನುಗ್ಗಿಸಿ, ಹಳ್ಳದ ಮರಳಲ್ಲಿ ಗಾಡಿ ಹೂತುಹೋಗುವಂತೆ ಮಾಡಿ, ಯಾರದೋ ಎತ್ತು ಕಟ್ಟಿಸಿ ಎಳೆಸಿಕೊಂಡು, "ನೋಡಿದ್ಯಾ, ಎಷ್ಟು ಹತ್ರ ಆಯ್ತು!" ಎಂದವರು. ನಾನು ನಕ್ಕರೆ ಎರಡು ದಿನ ಮಾತಿಲ್ಲ.

ಅಂಥವರು ಒಂದು ಸಂಜೆ ಗೌರಸಮುದ್ರದಿಂದ ಮನೆಗೆ ಹೊರಟು ಆಂಧ್ರದ ಗಡಿ ದಾಟಿಬಿಟ್ಟರು. ತೆಲುಗು ಬೋರ್ಡುಗಳು ಕಾಣಿಸತೊಡಗಿದ ಮೇಲೆ ಗಾಡಿ ನಿಲ್ಲಿಸಿದರಂತೆ. ಮನೆಗೆ ಬಂದು ಕೈಕಾಲು ತೊಳೆಯುತ್ತ, "ಮಾತಾಡ್ತಾ ಮಾತಾಡ್ತಾ ತಿರುವು ತಪ್ತು ಕಣೇ. ನಿಮ್ಮ ತೆಲುಗು ದೇಶ ನೋಡ್ಕೊಂಡ್ ಬಂದೆ" ಎಂದು ನಕ್ಕರು. ನಾನೂ ನಕ್ಕೆ. ಅನ್ನ ಬಡಿಸುವಾಗ ಹೊಳೆಯಿತು, ಗಾಡಿಯಲ್ಲಿ ಅವರ ಜೊತೆ ಯಾರೂ ಇರಲಿಲ್ಲ.

ನಮ್ಮ ಮಗಳು ಸುಮಾ ಬಳ್ಳಾರಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ಅವಳೇ ಅಪ್ಪನನ್ನು ಅಲ್ಲಿನ ಡಾಕ್ಟರಿಗೆ ತೋರಿಸಿದಳು. ನೆನಪು ನಿಧಾನವಾಗಿ ಹೋಗುತ್ತದೆ, ಹಿಂದಿರುಗುವುದಿಲ್ಲ, ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು. ಕಾರಿನ ಕೀ ಇವತ್ತೇ ತೆಗೆದಿಡಿ ಎಂದೂ ಹೇಳಿದರು. ಮಗುವಿನ ವಿಷಯ ಹೇಳುವ ಹಾಗೆ ಅವರ ಎದುರಿಗೇ ಹೇಳಿದರು. ವಾಪಸು ಬರುವಾಗಲೂ ಗಾಡಿ ಓಡಿಸಿದ್ದು ಇವರೇ. ರಾಂಪುರ ದಾಟಿದ ಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದರು:

"ನೋಡು, ಆ ಕೀ ಒಂದನ್ನ ಕೇಳ್ಬ್ಯಾಡ. ಅದ್ನ ಕೊಟ್ಟ ದಿನ ನಾನು ಮೂಲೇಲಿ ಕುಂತಿರೋ ಹೆಣ. ಬೇರೆ ಏನ್ ಬೇಕಾದ್ರೂ ಕೇಳು."

ಅಂದಿನಿಂದ ಕೀ ಅವರ ಬನಿಯನ್ನಿನ ಒಳಜೇಬಿನಲ್ಲಿ. ಸುಮಾ ಫೋನು ಮಾಡಿದಾಗಲೆಲ್ಲ, ಊಟ ಆಯಿತೇ ಎಂದು ಕೇಳುವ ಮೊದಲೇ "ಅವ್ವಾ, ಕೀ ತಗೊಂಡ್ಯಾ?" ಎನ್ನುತ್ತಿದ್ದಳು. ಮಕ್ಕಳ ಕೈಯಿಂದ ಗೋಲಿ, ಬುಗುರಿ, ಹುಣಸೆಹಣ್ಣು ಕಸಿದುಕೊಂಡೇ ಸಂಬಳ ತಿಂದವಳು ನಾನು. ಈ ಒಂದು ಕೀ ಕಸಿದುಕೊಳ್ಳಲು ನನ್ನ ಕೈಯಲ್ಲಿ ಆಗಲಿಲ್ಲ. ಅವರು ಯಾರಿಗಾದರೂ ಗುದ್ದಿದರೆ ಎಂಬ ಹೆದರಿಕೆ ಒಂದು ಕಡೆ, ಮೂಲೆಯಲ್ಲಿ ಕೂತ ಅವರನ್ನು ನೋಡಬೇಕಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ನಾನು ನಡುವೆ ಇದ್ದೆ.

ಆಗ ದಾರಿ ಹೇಳುವ ಪೆಟ್ಟಿಗೆಗಳು ಆಗತಾನೇ ಬಂದಿದ್ದವು. ಆಕಾಶದ ಉಪಗ್ರಹ ನೋಡಿಕೊಂಡು, ಎಡಕ್ಕೆ ತಿರುಗು ಬಲಕ್ಕೆ ತಿರುಗು ಎಂದು ಇಂಗ್ಲಿಷಿನಲ್ಲಿ ಹೆಂಗಸಿನ ದನಿ ಹೇಳುತ್ತದೆ ಎಂದು ಸುಮಾ ವಿವರಿಸಿದಳು. ನಾನು ಹಿಡಿದ ಪಟ್ಟು ಬಿಡದೆ ಅವಳಿಂದ ಒಂದನ್ನು ತರಿಸಿದೆ. ನಿಮಗೆ ದಾರಿ ಮರೆಯುತ್ತಿದೆ, ಅದಕ್ಕೆ ಇದು ಎಂದು ಅವರಿಗೆ ಹೇಳುವುದು ಹೇಗೆ? ಅವರಿಗೆ ನಾಟಕದ ಹಾಡೆಂದರೆ ಜೀವ. ಕಾರಿನ ಹಳೆಯ ಟೇಪು ಕ್ಯಾಸೆಟ್ಟುಗಳನ್ನು ನುಂಗುತ್ತಿತ್ತು. "ಹೊಸ ಸ್ಟೀರಿಯೋ ಹಾಕ್ಸಣ. ಅದರ ಜೊತೆ ಇದೊಂದು ಬಿಟ್ಟಿ ಬಂದೈತೆ" ಎಂದೆ. ಅವರು ಪೆಟ್ಟಿಗೆಯನ್ನೂ ನೋಡಿದರು, ನನ್ನನ್ನೂ ನೋಡಿದರು. ಒಪ್ಪಿಕೊಂಡರು. ವ್ಯಾಪಾರದವರಿಗೆ ಬಿಟ್ಟಿ ಯಾವುದು, ಯಾವುದಲ್ಲ ಎಂಬುದು ಗೊತ್ತಿರುತ್ತದೆ.

ಜೋಡಿಸುವುದಕ್ಕೆ ಏನು ಮಹಾ, ಗಾಜಿಗೆ ಅಂಟಿಸಿ ವೈರು ಚುಚ್ಚಿದರಾಯಿತು ಎಂದಳು ಸುಮಾ. ಪಕ್ಕದ ಮನೆಯವರು ತಮ್ಮ ಫ್ಯಾನು ರಿಪೇರಿಯವನನ್ನು ಕಳಿಸುತ್ತೇನೆಂದರು. ನಾನು ಕೇಳಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ರಫೀಕನ ಕಾರ್ ಡೆಕೋರೇಷನ್ ಅಂಗಡಿಯಿದೆ. ಚಳ್ಳಕೆರೆಯಲ್ಲಿ ಪ್ರೊಫೆಷನಲ್ ಎಂಬ ಪದವನ್ನು ಬೋರ್ಡಿನಲ್ಲಿ ಬರೆಸಿದವನು ಅವನೊಬ್ಬನೇ. ಅವನೇ ಜೋಡಿಸಬೇಕು, ಗ್ಯಾರಂಟಿ ಕೊಡಬೇಕು, ಕೂಲಿ ಎಷ್ಟಾದರೂ ನನ್ನ ಪೆನ್ಷನ್ನಿನಿಂದ ಎಂದೆ. ಕೊತ್ತಂಬರಿ ಸೊಪ್ಪಿನವಳ ಜೊತೆ ಅರ್ಧ ಆಯುಷ್ಯ ಚೌಕಾಸಿ ಮಾಡಿದವಳು ರಫೀಕ ಹೇಳಿದ ಕೂಲಿಗೆ ಹೂಂ ಅಂದೆ. ಅವನಿಗೇ ಅನುಮಾನ ಬಂದು ತಾನಾಗಿ ಸ್ವಲ್ಪ ಕಡಿಮೆ ಮಾಡಿದ. ಡಾಕ್ಟರು ದುಡ್ಡು ಹಾಕಿ ವಾಸಿಮಾಡುವಂಥದ್ದು ಏನೂ ಇಲ್ಲ ಎಂದಿದ್ದರಲ್ಲ. ದುಡ್ಡು ಹಾಕಿ ಮಾಡಿಸಬಹುದಾಗಿದ್ದದ್ದು ನನಗೆ ಇದೊಂದೇ ಉಳಿದಿತ್ತು.

"ಟೀಚರಮ್ಮಾ, ಫಿಕರ್ ಮಾಡ್ಬ್ಯಾಡ್ರಿ. ಒಂದೇ ಒಂದು ವೈರ್ ಕಾಣಿಸಿದ್ರೆ ಈ ಧಂದಾನೇ ಬಿಡ್ತೀನಿ" ಎಂದ ರಫೀಕ. ಮಧ್ಯಾಹ್ನದ ಹೊತ್ತಿಗೆ ಡ್ಯಾಶ್‌ಬೋರ್ಡ್ ಬಿಚ್ಚಿ ಕರುಳೆಲ್ಲ ಹೊರಗೆ ತೆಗೆದಿದ್ದ. ಸಂಜೆಯ ಹೊತ್ತಿಗೆ ಮತ್ತೆ ಒಳಗೆ ತುರುಕಿದ. ವೈರೊಂದು ಕಾಣಿಸುತ್ತಲೇ ಇತ್ತು. ನಾನು ಬೆರಳು ತೋರಿಸಿದಾಗ ಅದರ ಮೇಲೆ ನವಿಲಿನ ಸ್ಟಿಕ್ಕರ್ ಅಂಟಿಸಿ, "ಇದಕ್ಕೆ ಚಾರ್ಜ್ ಇಲ್ಲ" ಎಂದ. ಧಂದಾ ಬಿಡುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಯಜಮಾನರು ಕರ್ಪೂರ ಹಚ್ಚಿ, ಕಾಯಿ ಒಡೆದು, ಸ್ಟೇರಿಂಗಿಗೆ ನಮಸ್ಕಾರ ಮಾಡಿ ಗಾಡಿ ಹತ್ತಿದರು. ನಾನು ಪಕ್ಕದಲ್ಲಿ ಕೂತೆ. ಕೀ ತಿರುಗಿಸಿದ್ದೇ ತಡ, ಪೆಟ್ಟಿಗೆ ಬೆಳಗಿ ದೊಡ್ಡ ಇಂಗ್ಲಿಷ್ ಅಕ್ಷರಗಳು ಮೂಡಿದವು. ಕಿಟಕಿಯಿಂದ ಬಗ್ಗಿ ನಿಂತಿದ್ದ ರಫೀಕ ಹೆಮ್ಮೆಯಿಂದ ಓದಿ ಹೇಳಿದ: "ಕೇಳ್ತೈತೆ ನೋಡ್ರಿ ಸಾವ್ಕಾರ್ರೇ, ಎಲ್ಲಿಗೆ ಅಂತ!"

ಇವರ ಮುಖ ಕಪ್ಪಿಟ್ಟಿತು. ಗಾಡಿ ಆರಿಸಿ ಇಳಿದು, ಅಂಗಡಿಯ ಸ್ಟೂಲಿನ ಮೇಲೆ ಕೂತು, "ನೀರು ಕೊಡೋ" ಎಂದರು. ರಫೀಕನಿಗೂ ಈ ಶಾಸ್ತ್ರ ಗೊತ್ತು. ಅವನ ಅಮ್ಮಿಯೂ ಹಾಗೆ ಕೇಳಬಾರದು ಎನ್ನುವವಳೇ. ಗಲ್ಲ ಬಡಿದುಕೊಂಡು ನೀರು ತಂದ. ಇವರು ಕುಡಿದು ಮತ್ತೆ ಹತ್ತಿದರು. ಪೆಟ್ಟಿಗೆ ಮತ್ತೆ ಅದನ್ನೇ ಕೇಳಿತು. ಉತ್ತರ ಕೊಡದೆ ಅದು ಬಿಡುವುದಿಲ್ಲ. ಹೊರಡುವ ಹೊತ್ತಿನಲ್ಲಿ ಊರ ಹೆಸರು ಹೇಳಲು ಇವರು ತಯಾರಿಲ್ಲ. ರಫೀಕ ಬೆವರುತ್ತ ಅಲ್ಲಿ ಇಲ್ಲಿ ಒತ್ತಿ, ಕೊನೆಗೆ ಮನೆಯ ಚಿತ್ರವಿದ್ದ ಒಂದು ಗುಂಡಿ ಹುಡುಕಿದ. ಅದನ್ನು ಒತ್ತಿದರೆ, ನಿಮ್ಮ ಮನೆ ಎಲ್ಲಿ ಎಂದಿತು. "ಇಲ್ಲೇ ಅಂತ ಒತ್ಬಿಡ್ತೀನಿ, ಬಾಯಿ ಮುಚ್ಕೊಂತೈತೆ" ಎಂದು ಒತ್ತಿದ. ಪ್ರಶ್ನೆ ಮಾಯವಾಯಿತು. ನೀವು ತಲುಪಿದ್ದೀರಿ ಎಂದು ಇಂಗ್ಲಿಷಿನಲ್ಲಿ ಹೆಂಗಸು ಹೇಳಿದಳು. ನಾನು ಅರ್ಥ ಹೇಳಿದೆ.

"ಹೊರಡೋಕ್ ಮುಂಚೇನೇ ಮುಟ್ಟಿಸಿಬಿಡ್ತಲ್ಲಲೇ!" ಎಂದು ಇವರು ಬಾಯ್ತುಂಬ ನಕ್ಕರು. ಅವರು ಹಾಗೆ ನಕ್ಕು ಬಹಳ ದಿನವಾಗಿತ್ತು.

ನನಗೆ ಮಾತ್ರ ತಕ್ಷಣ ಹೊಳೆಯಿತು. "ಅಲ್ಲ ರಫೀಕ್, ಇನ್ಮೇಲೆ ಮನೆಗೆ ಅಂದ್ರೆ ಇದು ನಿನ್ನ ಅಂಗಡಿಗೇ ಕರ್ಕೊಂಡ್ ಬರ್ತೈತಲ್ಲ?"

"ಹೌದಲ್ರಿ. ನಿಮ್ಮನೆ ಮುಂದೆ ನಿಲ್ಲಿಸಿ ಇನ್ನೊಂದ್ಸಲ ಒತ್ತಿದ್ರೆ ಸರಿಹೋಗ್ತೈತೆ. ನಾನೇ ಬರ್ತೀನಿ" ಎಂದು ಅವನು ಹಿಂದಿನ ಬಾಗಿಲಿಗೆ ಕೈ ಹಾಕಿದ.

"ಬ್ಯಾಡ ಬಿಡು" ಎಂದರು ಇವರು. "ಇಲ್ಲಿಂದ ನಮ್ಮನೆ ಎಲ್ಲೈತೆ ಅಂತ ನಂಗೊತ್ತಿಲ್ವಾ?"

ಹಾಗೆಂದದ್ದು ರಫೀಕನಿಗಾದರೂ, ನೋಡಿದ್ದು ನನ್ನ ಮುಖವನ್ನು. ಸರಿಪಡಿಸಿ ಎಂದು ನಾನು ಅಂದಿದ್ದರೆ, ನಿಮಗೆ ಗೊತ್ತಿರಲಾರದು ಎಂದ ಹಾಗೇ ಆಗುತ್ತಿತ್ತು. ನನ್ನಿಂದ ಆ ಮಾತು ಹೊರಡಲಿಲ್ಲ. ರಫೀಕ ಕೈ ತೆಗೆದ. ನಾವು ಮನೆಗೆ ಬಂದೆವು.

ಆಮೇಲಿನ ಕೆಲವು ತಿಂಗಳು, ನಿಜ ಹೇಳುತ್ತೇನೆ, ಸುಖವಾಗಿದ್ದೆವು. ಒಮ್ಮೊಮ್ಮೆ ನಾನೂ ಜೊತೆಗೆ ಹೋಗುತ್ತಿದ್ದೆ. ಗಾಡಿ ಚಾಲೂ ಮಾಡಿದೊಡನೆ ಆ ಅನಿಷ್ಟ ಪ್ರಶ್ನೆ ಕಣ್ಣಿಗೆ ಬೀಳುವ ಮೊದಲೇ ಇವರು ಮನೆ ಚಿತ್ರದ ಗುಂಡಿ ಒತ್ತಿಬಿಡುವರು. ಹೊರಟದ್ದು ನಾಯಕನಹಟ್ಟಿಗೆ, ಪೆಟ್ಟಿಗೆಯ ಹೆಂಗಸು ಊರು ದಾಟಿದಲ್ಲಿಂದ ಹಿಂದಿರುಗು, ಹಿಂದಿರುಗು ಎಂದು ಜಪಿಸುವಳು. ಪ್ರತಿ ಸಲವೂ ಸ್ಟೀರಿಯೋದ ಹಾಡನ್ನು ನಡುವೆ ತುಂಡರಿಸಿಯೇ ಹೇಳುವಳು. ರಫೀಕ ಎರಡನ್ನೂ ಒಂದೇ ಸ್ಪೀಕರಿಗೆ ಜೋಡಿಸಿದ್ದ. ಇವರು ಅವಳಿಗೆ, "ಬರ್ತೀನಿ ಕಣವ್ವಾ, ಕೆಲ್ಸ ಮುಗಿಸ್ಕೊಂಡ್ ಬರ್ತೀನಿ" ಎಂದು ಸಮಾಧಾನ ಹೇಳುವರು. ನಾನು ಅಷ್ಟು ಸಲ ವಾಪಸು ಬನ್ನಿ ಎಂದಿದ್ದರೆ ನಡುದಾರಿಯಲ್ಲಿ ಇಳಿಸಿ ಹೋಗುತ್ತಿದ್ದರು. ಹೊಲದ ದಾರಿಗೆ ಇಳಿದರೆ ಪರದೆ ಬರಿ ಬಿಳಿ. ಅದರ ನಡುವೆ ನಮ್ಮ ಗಾಡಿ ಸಕ್ಕರೆ ಡಬ್ಬಿಗೆ ಬಿದ್ದ ಇರುವೆಯ ಹಾಗೆ ಕಾಣುತ್ತಿತ್ತು. ಆಗ ಮಾತ್ರ ಹೆಂಗಸಿಗೂ ಬಾಯಿ ಕಟ್ಟುತ್ತಿತ್ತು, ಹಾಡು ಪೂರ್ತಿ ಕೇಳಿಸುತ್ತಿತ್ತು.

ಮರಳಿ ಬರುವಾಗ ಅವಳು ಹೇಳಿದ ಹಾಗೆ ಬಂದರೆ ರಫೀಕನ ಅಂಗಡಿ. ತಲುಪಿದ್ದೀರಿ ಎಂಬ ಆ ಒಂದು ಇಂಗ್ಲಿಷ್ ವಾಕ್ಯವನ್ನು ಇವರು ಬಾಯಿಪಾಠ ಮಾಡಿಕೊಂಡಿದ್ದರು. ಅದು ಕೇಳಿಸಿದರೆ "ಆಯ್ತವ್ವಾ" ಎಂದು, ಅಲ್ಲಿಂದ ತಾವಾಗಿ ಮನೆಗೆ ಬರುವರು. ಸುಮಾ ಫೋನಿನಲ್ಲಿ ಕೀ ವಿಷಯ ಎತ್ತಿದರೆ, "ಪ್ರೊಫೆಷನಲ್ ಫಿಟ್ಟಿಂಗ್ ಮಾಡ್ಸಿದೀನಿ, ಸುಮ್ನಿರು" ಎನ್ನುತ್ತಿದ್ದೆ. ನಾನು ಗೆದ್ದೆ ಎಂದುಕೊಂಡಿದ್ದೆ.

ನೆನಪು ಹೋಗುವುದು ಸದ್ದು ಮಾಡಿಕೊಂಡು ಅಲ್ಲ. ಒಂದು ದಿನ ನನ್ನನ್ನು ತೀರಿಕೊಂಡ ತಮ್ಮ ಅಕ್ಕನ ಹೆಸರಿಂದ ಕರೆದರು. ಬಾಯಿತಪ್ಪಿ ಬಂತು ಎಂದುಕೊಂಡೆ. ನಾನು ನಿವೃತ್ತಳಾಗಿ ವರ್ಷಗಳಾಗಿದ್ದರೂ, ಬೆಳಗ್ಗೆ "ಶಾಲೆಗೆ ಹೊತ್ತಾಗ್ಲಿಲ್ವಾ?" ಎನ್ನತೊಡಗಿದರು. ಇವತ್ತು ರಜ ಎನ್ನುತ್ತಿದ್ದೆ. ರಫೀಕನ ಅಂಗಡಿಯಿಂದ ಮನೆಗೆ ಬರುವ ಆ ಚಿಕ್ಕ ದಾರಿ ಅವರಿಗೆ ದಿನೇ ದಿನೇ ಉದ್ದವಾಗುತ್ತ ಹೋಯಿತು. ಕೆಲವು ಸಲ ರಫೀಕನೇ, "ಸ್ಪೀಕರ್ ಸೌಂಡ್ ಚೆಕ್ ಮಾಡ್ಬೇಕು ಸಾವ್ಕಾರ್ರೇ" ಎಂಬ ನೆಪ ಹೇಳಿ ಪಕ್ಕದಲ್ಲಿ ಕೂತು ಬಂದು, ನಮ್ಮ ಗೇಟಿನಲ್ಲಿ ಇಳಿದು, ನನ್ನ ಮುಖ ನೋಡದೆ ನಡೆದು ಹೋಗುತ್ತಿದ್ದ. ನನ್ನ ಹಳೆಯ ವಿದ್ಯೆಯೂ ಕೈಕೊಟ್ಟಿತು. ಊಟಕ್ಕೆ ಬರ್ತೀರಾ ಎಂದರೂ ಹೂಂ, ಕಾಯಬೇಡವಾ ಎಂದರೂ ಹೂಂ. ಟವೆಲ್ ಹಾಕಿಕೊಂಡು ಬ್ಯಾಂಕಿಗೆ ಹೋದರು. ಅವರು ಯಾವ ರಸ್ತೆಯಲ್ಲಿದ್ದಾರೆಂಬುದು ಮೊದಲ ಸಲ ನನಗೆ ಗೊತ್ತಿಲ್ಲದೆ ಹೋಯಿತು. ಶಾಸ್ತ್ರ ಬದಿಗಿಟ್ಟು ಎಲ್ಲಿಗೆ ಎಂದು ಕೇಳಿಯೇಬಿಡೋಣ ಎಂದು ಎಷ್ಟೋ ದಿನ ಬೆಳಗ್ಗೆ ಬಾಗಿಲಿನ ತನಕ ಹೋದೆ. ಅಪಶಕುನದ ಭಯ ಆಗ ಉಳಿದಿರಲಿಲ್ಲ. ಕೇಳಿದಾಗ ಅವರಿಗೂ ಗೊತ್ತಿಲ್ಲದಿದ್ದರೆ ಏನು ಮಾಡುವುದು ಎಂಬ ಭಯದಿಂದ ಬಾಯಿ ಮುಚ್ಚಿಕೊಂಡು ಹಿಂದಿರುಗಿದೆ.

ಒಂದು ಇಳಿಹೊತ್ತು ರಫೀಕ ಫೋನು ಮಾಡಿದ.

"ಟೀಚರಮ್ಮಾ, ಸಾವ್ಕಾರ್ರು ಅಂಗ್ಡಿಗೆ ಬಂದಾರೆ. ನೀವು ಒಂಚೂರು ಬರ್ತೀರಾ?"

"ಗಾಡಿಗೆ ಏನಾಯ್ತು?"

"ಗಾಡಿಗೆ ಏನೂ ಆಗಿಲ್ರಿ" ಎಂದು ಫೋನು ಇಟ್ಟ.

ಆಟೋ ಹಿಡಿದು ಹೋದೆ. ಕಾರು ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಚಪ್ಪಲಿಗಳು ಮೆಟ್ಟಿಲ ಬದಿಗೆ ಜೋಡಿಯಾಗಿ ಇದ್ದವು. ಒಳಗೆ ಇವರು ಅಂಗಿ ಬಿಚ್ಚಿ, ಗೋಡೆಯಲ್ಲಿ ಸಾಲಾಗಿ ಜೋಡಿಸಿದ್ದ ಹಾರನ್ನುಗಳಲ್ಲಿ ಒಂದಕ್ಕೆ ತಗುಲಿಹಾಕಿ, ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ರಫೀಕ ನನ್ನನ್ನು ಹೊರಗೇ ತಡೆದು ಪಿಸುಗುಟ್ಟಿದ: "ಗಾಡಿ ಹೆಂಗಸು ಮುಟ್ಟಿದೀವಿ ಅಂದ್ಳು, ಇವರು ಇಳಿದು ಬಂದ್ರು. ಕೈಕಾಲು ತೊಳೆಯಕ್ಕೆ ನೀರು ಕೇಳಿದ್ರು, ಕೊಟ್ಟೆ. ಸೀಟ್ ಕವರ್ ಕೇಳೋಕೆ ಬಂದವ್ರಿಗೆ, ಇದು ಊಟದ ಹೊತ್ತು, ನಾಳೆ ಬರ್ರಪ್ಪ ಅಂದು ಕಳಿಸಿಬಿಟ್ರು. ಇದು ನಿಮ್ಮನೆ ಅಲ್ಲ ಅಂತ ನಾನು ಹೆಂಗ್ ಹೇಳ್ಲಮ್ಮಾ?"

ನಾನು ಬಾಗಿಲಲ್ಲಿ ನಿಂತೆ. ಇವರು ನೋಡಿ ಎದ್ದು ನಿಂತರು. ನನ್ನನ್ನು ಕಂಡು ಅವರು ಎಂದೂ ಎದ್ದು ನಿಂತವರಲ್ಲ.

"ಬರ್ರಮ್ಮ, ಒಳಗೆ ಬರ್ರಿ. ಯಾರನ್ನ ನೋಡ್ಬೇಕಿತ್ತು?"

"ನಿಮ್ಮನ್ನೇ" ಎಂದೆ.

"ಕುಂತ್ಕೊಳ್ರಿ. ನಮ್ಮನೆಯವ್ಳು ಶಾಲೆಗೆ ಹೋಗ್ಯಾಳೆ, ಬರೋ ಹೊತ್ತಾಯ್ತು. ಬಂದ್ಮೇಲೆ ಟೀ ಮಾಡ್ತಾಳೆ." ಅಷ್ಟರಲ್ಲಿ ಅವರ ಕಣ್ಣು ಹೊರಗೆ ಹೋಯಿತು. ತಮ್ಮ ಕಾರನ್ನು ಬಗ್ಗಿ ನೋಡಿದರು. "ಆ ಗಾಡಿ ನಿಮ್ದಾ? ಬಾಗ್ಲಿಗೆ ಅಡ್ಡ ನಿಂತೈತಲ್ರಿ. ಸಂಜೆ ಹೊತ್ತು ಅವ್ಳಿಗೆ ಕಣ್ಣು ಸರಿ ಕಾಣ್ಸಲ್ಲ, ಎಡವಿಗಿಡವಿ ಬಿದ್ದಾಳು. ಒಂಚೂರು ಆ ಕಡೆ ಹಾಕ್ಸ್ರಮ್ಮ."

ನಾನು ಕೈ ಚಾಚಲಿಲ್ಲ, ಏನನ್ನೂ ಕೇಳಲಿಲ್ಲ. ಅವರಾಗಿಯೇ ಬನಿಯನ್ನಿನ ಒಳಗೆ ಕೈಹಾಕಿ, ಬೆರಳಿಗೆ ಸಿಕ್ಕ ಕೀ ತೆಗೆದು, ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಿಮ್ದೇ ಇರ್ಬೇಕು. ತಗೊಳ್ರಿ" ಎಂದು ನನ್ನ ಅಂಗೈಯಲ್ಲಿ ಇಟ್ಟರು.

ಮೈಯ ಬಿಸಿಗೆ ಕೀ ಬೆಚ್ಚಗಿತ್ತು. ಅದನ್ನು ರಫೀಕನಿಗೆ ಕೊಟ್ಟೆ. ಅವನು ತೋಳಿನಿಂದ ಮುಖ ಒರೆಸಿಕೊಳ್ಳುತ್ತ ಹೋಗಿ, ಕಾರನ್ನು ಬಾಗಿಲಿನಿಂದ ಆಚೆಗೆ ಸರಿಸಿ ನಿಲ್ಲಿಸಿದ. ಇವರು ದಾರಿ ತೆರವಾದದ್ದನ್ನು ನೋಡಿ ನೆಮ್ಮದಿಯಿಂದ ಕೂತರು. ಇನ್ನೊಂದು ಸ್ಟೂಲು ಎಳೆದುಕೊಂಡು ನಾನೂ ಪಕ್ಕದಲ್ಲಿ ಕೂತೆ. ಅವರ ಹೆಂಡತಿ ಶಾಲೆಯಿಂದ ಬರುವುದನ್ನು ಇಬ್ಬರೂ ಕಾಯತೊಡಗಿದೆವು.